ವಾರ್ಡಿನ ಮೆಂಬರ್

ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂದರೆ ನಾವು ಯಾರನ್ನೂ ನೆನೆಯುವುದಿಲ್ಲ. ಬಾರದ ದಿನ ಮಾತ್ರ ವಾರ್ಡಿನ ಮೆಂಬರ್ ನೆನಪಾಗುತ್ತಾರೆ, ಅದೂ ಬೈಗುಳದ ಜೊತೆ.

ವಲ್ಲಭಭಾಯಿ ಪಟೇಲರೂ ಒಂದು ಕಾಲಕ್ಕೆ ಇಂಥ ಮೆಂಬರೇ. 1917ರಲ್ಲಿ ಅಹಮದಾಬಾದ್ ಪುರಸಭೆಗೆ ಆರಿಸಿ ಬಂದರು. ಹೆಸರಾಂತ ವಕೀಲರು, ಸಂಜೆ ಕ್ಲಬ್ಬಿನಲ್ಲಿ ಬ್ರಿಜ್ ಆಡುತ್ತಿದ್ದವರು. ಅವರ ಪಾಲಿಗೆ ಬಂದದ್ದು ನೈರ್ಮಲ್ಯ ಸಮಿತಿ. ಅದೇ ವರ್ಷ ಊರಿಗೆ ಪ್ಲೇಗ್ ಬಂತು. ಅನುಕೂಲವಿದ್ದವರು ಊರು ಬಿಟ್ಟರು. ಪಟೇಲರು ಬಿಡಲಿಲ್ಲ. ಗಲ್ಲಿಗಲ್ಲಿ ತಿರುಗಿದರು. ಚರಂಡಿ ಶುಚಿಯಾಗುವುದನ್ನು ಎದುರಿಗೇ ನಿಂತು ನೋಡಿಕೊಂಡರು.

ಶುಚಿಯಾದ ಚರಂಡಿಗೆ ಯಾರೂ ಹಾರ ಹಾಕುವುದಿಲ್ಲ. ಬಾರದೇ ಹೋದ ಕಾಯಿಲೆಗೆ ಲೆಕ್ಕವೂ ಸಿಗುವುದಿಲ್ಲ. ಕೆಲಸ ಚೆನ್ನಾಗಿ ಆದಷ್ಟೂ ಕಣ್ಣಿಗೆ ಬೀಳದ ಹುದ್ದೆ ಅದು.

1924ರಲ್ಲಿ ಪಟೇಲರು ಪುರಸಭೆಯ ಅಧ್ಯಕ್ಷರಾದರು. 1927ರ ಮಳೆಗಾಲದಲ್ಲಿ ಗುಜರಾತ್ ನೆರೆಯಲ್ಲಿ ಮುಳುಗಿದಾಗ ಪರಿಹಾರದ ಕೆಲಸಕ್ಕೆ ಮುಂದೆ ನಿಂತರು. ಮುಂದೆ ಅವರು ಸಂಸ್ಥಾನಗಳನ್ನು ಒಗ್ಗೂಡಿಸಿದ ಕಥೆ ನಮಗೆಲ್ಲ ಬಾಯಿಪಾಠ. ಈ ಚರಂಡಿಯ ವರ್ಷಗಳನ್ನು ಮಾತ್ರ ಯಾಕೋ ನಾವು ಬೇಗ ದಾಟಿಬಿಡುತ್ತೇವೆ. ಊರಿನ ಕಷ್ಟವನ್ನು ಸ್ಥಳದಲ್ಲೇ ನಿಂತು ನೋಡುವ ಅಭ್ಯಾಸ ಅವರಿಗೆ ಅಲ್ಲೇ ಗಟ್ಟಿಯಾಗಿರಬೇಕು ಎಂದು ನನಗನ್ನಿಸುತ್ತದೆ. 1928ರಲ್ಲಿ ಅಧ್ಯಕ್ಷಗಿರಿ ಬಿಟ್ಟರು. ಅವರ ಮುಂದಾಳತ್ವದಲ್ಲಿ ಬಾರ್ಡೋಲಿಯ ರೈತರ ಹೋರಾಟ ನಡೆದದ್ದು ಅದೇ ವರ್ಷ. ಜನ ಅವರನ್ನು ಸರ್ದಾರ್ ಎಂದು ಕರೆಯತೊಡಗಿದ್ದೂ ಆಗಲೇ.