ಮಳೆಗಾಲದ ಜ್ವರದ ಲಸಿಕೆ: ಯಾರಿಗೆ ಬೇಕು, ಯಾವಾಗ ಬೇಕು

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



 ಫ್ಯಾಟು, ದರ, ಬೋನಸ್ಸಿನ ವಿಷಯ ಎಲ್ಲಾ ಅಧ್ಯಕ್ಷರು ಹೇಳಿ ಆಯಿತು. ನಮಗೆ ಆರೋಗ್ಯದ ವಿಷಯ ಒಪ್ಪಿಸಿದ್ದಾರೆ. ನಾವು ಡಾಕ್ಟರಲ್ಲ. ಓದಿದ್ದು ಎಸ್.ಎಸ್.ಎಲ್.ಸಿ., ಮಾಡೋದು ಬೇಸಾಯ, ಕಟ್ಟಿರೋದು ಮೂರು ಹಸು. ಆದ್ದರಿಂದ ಆರೋಗ್ಯ ಕೇಂದ್ರದ ಡಾಕ್ಟರ ಹತ್ತಿರ ಎರಡು ದಿನ ಹೋಗಿ ಕೂತು, ಕೇಳಿ, ಬರೆದುಕೊಂಡು ಬಂದಿದ್ದೇವೆ. ತಪ್ಪಿದ್ದರೆ ಅದು ನಮ್ಮ ಕಿವಿಯ ತಪ್ಪು, ಅವರದಲ್ಲ.

2013ನೇ ಇಸವಿ ಯಾರೂ ಮರೆತಿರಲಾರಿರಿ. ಕಾಲುಬಾಯಿ ಜ್ವರ ನಮ್ಮ ರಾಜ್ಯದಲ್ಲಿ ಸಾವಿರಾರು ದನಗಳನ್ನು ಬಲಿ ತೆಗೆದುಕೊಂಡಿತು. ಕೊಟ್ಟಿಗೆ ಖಾಲಿಯಾದ ಮನೆಗಳನ್ನು ನಾವೇ ನೋಡಿದ್ದೇವೆ. ಅಲ್ಲಿಂದ ಈಚೆಗೆ ಆರು ತಿಂಗಳಿಗೊಮ್ಮೆ ಲಸಿಕೆಯವರು ಬಂದರೆ ಒಬ್ಬರೂ ಬೇಡ ಅನ್ನುವುದಿಲ್ಲ. ಬೆಳಗ್ಗೆ ಐದಕ್ಕೇ ಎದ್ದು ಹಸು ಕಟ್ಟಿಹಾಕಿ ಕಾಯುತ್ತೇವೆ. ಕಿವಿಗೆ ಓಲೆ ಹಾಕಿದೆಯೋ, ನಂಬರು ಬರೆದುಕೊಂಡರೋ ಅಂತ ನಿಂತು ವಿಚಾರಿಸುತ್ತೇವೆ. ಎರಡು ದಿನ ಹಾಲು ಒಂದೆರಡು ಲೀಟರ್ ಕಮ್ಮಿ ಆದರೂ ಗೊಣಗಿಕೊಂಡೇ ಹಾಕಿಸುತ್ತೇವೆ.

ಈಗ ನಮ್ಮ ಮನೆಯ ಕಥೆ. ನಮ್ಮ ತಂದೆಯವರನ್ನು ನೀವೆಲ್ಲ ಬಲ್ಲಿರಿ. ಈ ಸಂಘ ಕಟ್ಟುವಾಗ ಮನೆಮನೆ ತಿರುಗಿ ಷೇರು ಹಣ ಎತ್ತಿದವರಲ್ಲಿ ಅವರೂ ಒಬ್ಬರು. ಸಕ್ಕರೆ ಕಾಯಿಲೆ ಇತ್ತು, ಬೀಡಿಯ ಕೆಮ್ಮು ಇತ್ತು. 2018ರಲ್ಲಿ ದಸರಾ ಮುಗಿದ ವಾರ ಜ್ವರ ಬಂತು. ಮಳೆಯಲ್ಲಿ ನೆಂದಿದ್ದಾರೆ ಅಂತ ಕಷಾಯ ಕೊಟ್ಟೆವು. ಎರಡನೇ ದಿನ ಮಾತ್ರೆ ಅಂಗಡಿಯಿಂದ ಮಾತ್ರೆ ತಂದೆವು. ನಾಲ್ಕನೇ ದಿನ ರಾತ್ರಿ ಉಸಿರು ಎಳೆಯುವುದಕ್ಕೆ ಶುರುವಾಯಿತು. ಪಟ್ಟಣದ ಆಸ್ಪತ್ರೆಗೆ ಸೇರಿಸಿದ ಮೇಲೆ ಎಚ್1ಎನ್1 ಅಂದರು. ಹನ್ನೊಂದು ದಿನ ಆಕ್ಸಿಜನ್ನಿನಲ್ಲಿ ಇಟ್ಟಿದ್ದರು. ಹದಿನೆಂಟು ಲೀಟರ್ ಕೊಡುತ್ತಿದ್ದ ಹಸು ಮಾರಿದೆವು, ಸಾಲದ್ದಕ್ಕೆ ಕೈಸಾಲ ಆಯಿತು. ತಂದೆಯವರು ಮನೆಗೇನೋ ಬಂದರು. ಆದರೆ ಕ್ಯಾನು ಹಿಡಿದು ಡೈರಿವರೆಗೆ ನಡೆದವರಲ್ಲ ಮತ್ತೆ. ಜಗಲಿಯಿಂದ ಬಚ್ಚಲಿಗೆ ಹೋಗಬೇಕಾದರೂ ನಡುವೆ ನಿಲ್ಲಬೇಕಾಗಿತ್ತು. ಒಂದು ವರ್ಷ ಹಾಗೇ ತಳ್ಳಿದರು.

ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಕೇಳಿದರು, "ಇವರಿಗೆ ಶುಗರ್ ಇದೆ, ವಯಸ್ಸಾಗಿದೆ, ಫ್ಲೂ ಲಸಿಕೆ ಹಾಕಿಸಿದ್ದಿರಾ?" ಅಂತ. ನಾವು, "ಲಸಿಕೆ ಮಕ್ಕಳಿಗಲ್ವಾ ಸಾರ್?" ಅಂದೆವು. ಆ ಹೊತ್ತಿಗೆ ನಮ್ಮ ಜೇಬಿನಲ್ಲೇ, ಮಾರುವುದಕ್ಕೆ ಅಂತ ಇಟ್ಟುಕೊಂಡಿದ್ದ ಹಸುವಿನ ಲಸಿಕೆ ಕಾರ್ಡು ಇತ್ತು. ಒಂದು ಸುತ್ತೂ ತಪ್ಪಿರಲಿಲ್ಲ.

ಇನ್ನು ವಿಷಯಕ್ಕೆ ಬರೋಣ. ನೆಗಡಿ ಬೇರೆ, ಫ್ಲೂ ಬೇರೆ. ಮೂಗು ಸೋರುವ ಸಾದಾ ನೆಗಡಿಗೆ ಲಸಿಕೆ ಇಲ್ಲ, ಬೇಕಾಗಿಯೂ ಇಲ್ಲ. ಫ್ಲೂ ಅಂದರೆ ಇನ್‌ಫ್ಲುಯೆಂಜಾ. ಒಮ್ಮೆಗೇ ಜೋರು ಜ್ವರ, ಮೈಕೈ ನೋವು, ಒಣ ಕೆಮ್ಮು ಹಿಡಿಯುತ್ತದೆ. 1918ರಲ್ಲಿ ಬೊಂಬಾಯಿ ಕಡೆಯಿಂದ ಹಬ್ಬಿ ನಮ್ಮ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ತೆಗೆದುಕೊಂಡು ಹೋದದ್ದು ಇದೇ ಜಾತಿಯ ಕಾಯಿಲೆ. 2009ರಲ್ಲಿ ಹಂದಿ ಜ್ವರ ಅಂತ ಹೆದರಿದೆವಲ್ಲ, ಆ ಎಚ್1ಎನ್1 ಎಲ್ಲೂ ಹೋಗಿಲ್ಲ. ವರ್ಷಾ ವರ್ಷಾ ಬರುವ ಫ್ಲೂಗಳಲ್ಲಿ ಒಂದಾಗಿ ಉಳಿದುಕೊಂಡಿದೆ. ಹಂದಿಗೂ ಅದಕ್ಕೂ ಈಗ ಸಂಬಂಧವಿಲ್ಲ, ಮನುಷ್ಯರಿಂದ ಮನುಷ್ಯರಿಗೆ ಹತ್ತುತ್ತದೆ.

ಪ್ರತಿ ವರ್ಷ ಯಾಕೆ ಹಾಕಿಸಬೇಕು ಅಂತ ಕೇಳುತ್ತೀರಿ. ನಾವೂ ಅದನ್ನೇ ಕೇಳಿದೆವು. ಎರಡು ಕಾರಣ ಹೇಳಿದರು. ಒಂದು, ಈ ವೈರಸ್ಸು ವರ್ಷ ವರ್ಷ ವೇಷ ಬದಲಾಯಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯವರು ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲೊಮ್ಮೆ ಸೆಪ್ಟೆಂಬರಿನಲ್ಲೊಮ್ಮೆ ಕೂತು, ಮುಂದಿನ ಲಸಿಕೆಯಲ್ಲಿ ಯಾವ ಯಾವ ತಳಿ ಇರಬೇಕು ಅಂತ ತೀರ್ಮಾನಿಸುತ್ತಾರೆ. ಎರಡು, ಲಸಿಕೆಯ ಬಲ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಕಾಲುಬಾಯಿ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಹಾಕುವುದೂ ಬಲ ಇಳಿಯುತ್ತದೆ ಅಂತಲೇ ಅಲ್ಲವೇ? ಮೊದಲು ನಾಲ್ಕು ತಳಿಯ ಲಸಿಕೆ ಇತ್ತು, ಈಗ ಮೂರು ತಳಿಯದು ಸಾಕು ಅಂದಿದ್ದಾರೆ. ನಾಲ್ಕರಲ್ಲಿ ಒಂದು ತಳಿ 2020ರ ಮಾರ್ಚಿಯಿಂದ ಈಚೆಗೆ ಎಲ್ಲೂ ಕಂಡಿಲ್ಲವಂತೆ. ಮೂರರದ್ದು ಕೊಟ್ಟರೆ ಮೋಸ ಮಾಡಿದರು ಅಂತ ಜಗಳ ಬೇಡ.

ಕಾಲ ಮುಖ್ಯ. ನಮ್ಮ ಕಡೆ ಫ್ಲೂ ಮಳೆಗಾಲದಲ್ಲಿ ಏರುತ್ತದೆ. ಚುಚ್ಚಿಸಿದ ಮೇಲೆ ಶಕ್ತಿ ಬರುವುದಕ್ಕೆ ಎರಡು ವಾರ ಬೇಕು. ಆದ್ದರಿಂದ ಯುಗಾದಿ ಕಳೆದ ಮೇಲೆ, ಮುಂಗಾರು ಹಿಡಿಯುವುದರೊಳಗೆ, ಅಂದರೆ ಏಪ್ರಿಲ್ ಮೇ ತಿಂಗಳು ಸರಿಯಾದ ಹದ. ತಪ್ಪಿದರೆ ಆಮೇಲೂ ಹಾಕಿಸಬಹುದು. ಡಬ್ಬದ ಮೇಲೆ ಯಾವ ವರ್ಷದ್ದು ಅಂತ ನೋಡಿಕೊಳ್ಳಿ, ಹಳೇ ವರ್ಷದ್ದು ಬೇಡ.

ಯಾರಿಗೆ ಬೇಕು ಅನ್ನುವುದು ಅಸಲು ಪ್ರಶ್ನೆ. ಊರಿಗೆಲ್ಲ ಬೇಕು ಅಂತ ನಾವು ಹೇಳುತ್ತಿಲ್ಲ. ನಮ್ಮಂಥ ನಲವತ್ತರ ಗಟ್ಟಿ ಆಳು ನಾಲ್ಕು ದಿನ ಮಲಗಿ ಏಳುತ್ತಾನೆ. ಮೊದಲು ಬೇಕಾದ್ದು ಅರವತ್ತು ಅರವತ್ತೈದು ದಾಟಿದ ಹಿರಿಯರಿಗೆ. ಯಾವ ವಯಸ್ಸೇ ಆಗಿರಲಿ, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ದಮ್ಮು, ಉಬ್ಬಸ, ಮೂತ್ರಪಿಂಡದ ತೊಂದರೆ ಇರುವವರಿಗೆ. ಆಮೇಲೆ ಬಸುರಿ ಹೆಣ್ಣುಮಕ್ಕಳಿಗೆ. ಇದನ್ನು ಒತ್ತಿ ಹೇಳುತ್ತೇವೆ, ಯಾಕೆಂದರೆ ಬಸುರಿಗೆ ಇಂಜೆಕ್ಷನ್ ಅಂದರೆ ಅತ್ತೆಯಂದಿರು ಬಾಗಿಲು ಹಾಕುತ್ತಾರೆ. ಎಷ್ಟನೇ ತಿಂಗಳಲ್ಲಾದರೂ ಹಾಕಬಹುದು ಅಂದಿದ್ದಾರೆ ಡಾಕ್ಟರು. ಆರು ತಿಂಗಳು ತುಂಬದ ಕೂಸಿಗೆ ಈ ಲಸಿಕೆ ಹಾಕುವ ಹಾಗೇ ಇಲ್ಲ. ಆ ಕೂಸಿಗೆ ರಕ್ಷಣೆ ತಾಯಿ ಹಾಕಿಸಿಕೊಂಡಿದ್ದರಿಂದ ಬರಬೇಕು. ಆರು ತಿಂಗಳು ತುಂಬಿದ ಚಿಕ್ಕ ಮಕ್ಕಳಿಗೆ ಹಾಕಿಸಬಹುದು, ಮೊದಲನೇ ವರ್ಷ ತಿಂಗಳ ಅಂತರದಲ್ಲಿ ಎರಡು ಸಲ. ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರು, ನರ್ಸಮ್ಮನವರು ಇವರಿಗೂ ಬೇಕು. ಅವರು ಮಲಗಿದರೆ ನಮ್ಮನ್ನು ನೋಡುವವರು ಯಾರು?

ಹಾಕಿಸಿದರೆ ಜ್ವರವೇ ಬರೋದಿಲ್ಲವಾ ಅಂದರೆ, ಬರಬಹುದು. ತಳಿ ಹೊಂದಿಕೆಯಾದ ವರ್ಷ, ಡಾಕ್ಟರ ಹತ್ತಿರ ಓಡಬೇಕಾದಂಥ ಫ್ಲೂ ನೂರಕ್ಕೆ 40ರಿಂದ 60ರಷ್ಟು ಕಮ್ಮಿಯಾಗುತ್ತದಂತೆ. ಬಂದರೂ ಆಸ್ಪತ್ರೆ ಸೇರುವಷ್ಟು ಏರುವುದು ಕಮ್ಮಿ. ನಮ್ಮ ತಂದೆಗೆ ಹಾಕಿಸಿದ್ದರೆ ಖಂಡಿತ ಉಳಿಯುತ್ತಿದ್ದರು ಅಂತ ನಾವು ಹೇಳಲಾರೆವು. ಹಾಕಿಸಿರಲಿಲ್ಲ ಅಂತ ಮಾತ್ರ ಹೇಳಬಲ್ಲೆವು.

ತೋಳು ನೋವು, ಒಂದು ದಿನ ಮೈ ಬೆಚ್ಚಗಾಗುವುದು ಇರುತ್ತದೆ. ತೋಳಿಗೆ ಹಾಕುವ ಲಸಿಕೆಯಲ್ಲಿ ಇರುವುದು ಸತ್ತ ವೈರಸ್ಸು, ಅದರಿಂದ ಫ್ಲೂ ಬರುವುದಿಲ್ಲ. ಹೋದ ತಿಂಗಳು ಒಬ್ಬ ಹಿರಿಯರು ನಮ್ಮನ್ನು ಡೈರಿ ಮುಂದೆ ನಿಲ್ಲಿಸಿ, "ಅದನ್ನ ಮೊಟ್ಟೆಯಲ್ಲಿ ಬೆಳೆಸ್ತಾರಂತಲ್ಲಪ್ಪ, ನಾವು ಹಾಕಿಸಿಕೋಬಹುದಾ?" ಅಂದರು. ನಿಜ, ಹೆಚ್ಚಿನವನ್ನು ಕೋಳಿಮೊಟ್ಟೆಯಲ್ಲೇ ಬೆಳೆಸಿ, ಆಮೇಲೆ ಶುದ್ಧ ಮಾಡುತ್ತಾರೆ. ಮುಚ್ಚಿಟ್ಟು ಹಾಕಿಸುವುದು ನಮಗೆ ಇಷ್ಟವಿಲ್ಲ. ಔಷಧಿ ಅಂತ ತಿಳಿಯುವವರು ಹಾಕಿಸಿಕೊಳ್ಳಲಿ, ಮನಸ್ಸು ಒಪ್ಪದವರಿಗೆ ಬಲವಂತ ಬೇಡ. ಮೊಟ್ಟೆ ತಿಂದರೆ ಮೈ ಊದಿಕೊಳ್ಳುವವರು, ಹಿಂದೆ ಇದೇ ಲಸಿಕೆಯಿಂದ ಜೋರು ತೊಂದರೆ ಆದವರು, ಆ ದಿನ ಜೋರು ಜ್ವರ ಇರುವವರು ಡಾಕ್ಟರಿಗೆ ಮೊದಲೇ ಹೇಳಬೇಕು.

ಕೊರೊನಾ ವಿಷಯ ಎತ್ತದಿದ್ದರೆ ಆಗುವುದಿಲ್ಲ. ದೇಶದಲ್ಲಿ ಅದರ ಮೊದಲನೇ ಸಾವು 2020ರ ಮಾರ್ಚಿಯಲ್ಲಿ ನಮ್ಮ ರಾಜ್ಯದ ಕಲಬುರಗಿಯಲ್ಲೇ ಆಯಿತು. 2021ರ ಜನವರಿ 16ರಂದು ಲಸಿಕೆ ಶುರುವಾದಾಗ ನಮ್ಮೂರಲ್ಲಿ ಆಶಾ ಅಮ್ಮನವರನ್ನು ಕಂಡು ಕಬ್ಬಿನ ಗದ್ದೆಗೆ ಹೋಗಿ ಕೂತವರಿದ್ದರು, ಹೆಸರು ಬೇಡ. ಆ ಏಪ್ರಿಲ್ ಮೇ ತಿಂಗಳು ಕಳೆದ ಮೇಲೆ ಸಂಘದ ಪುಸ್ತಕದಲ್ಲಿ ಮೂರು ಖಾತೆ ಮಕ್ಕಳ ಹೆಸರಿಗೆ ಬದಲಾಯಿತು. ಈಗ ಎಲ್ಲರಿಗೂ ಅದರ ಪರಿಚಯ ಆಗಿರುವುದರಿಂದ ಮೊದಲಿನ ಹೆದರಿಕೆ ಇಲ್ಲ. ತುಂಬಾ ವಯಸ್ಸಾದವರು, ದೊಡ್ಡ ಕಾಯಿಲೆ ಇರುವವರು ಇನ್ನೊಂದು ಡೋಸು ಬೇಕೇ ಅಂತ ತಮ್ಮ ಡಾಕ್ಟರನ್ನು ಕೇಳಲಿ. ಆರ್.ಎಸ್.ವಿ. ಅಂತ ಇನ್ನೊಂದಿದೆ, ಕೂಸುಗಳಿಗೂ ಮುದುಕರಿಗೂ ಎದೆ ಕಟ್ಟಿಸುವಂಥದ್ದು. ಅದಕ್ಕೂ 2023ರಿಂದ ಹೊರದೇಶಗಳಲ್ಲಿ ಲಸಿಕೆ ಬಂದಿದೆ.

ಕೂಸುಗಳ ನ್ಯುಮೋನಿಯಾ ಲಸಿಕೆ ಬೇರೆಯದು, ಫ್ಲೂದಲ್ಲ. ಅದು 2021ರಿಂದ ದೇಶದಲ್ಲೆಲ್ಲ ಸರ್ಕಾರದ್ದೇ, ಬಿಟ್ಟಿ. ಒಂದೂವರೆ ತಿಂಗಳಿಗೆ, ಮೂರೂವರೆ ತಿಂಗಳಿಗೆ, ಒಂಬತ್ತು ತಿಂಗಳಿಗೆ. ತಾಯಿ ಕಾರ್ಡು ತೆಗೆದು ನೋಡಿಕೊಳ್ಳಿ.

ಫ್ಲೂ ಲಸಿಕೆ ಮಾತ್ರ ಆ ಪಟ್ಟಿಯಲ್ಲಿಲ್ಲ, ದುಡ್ಡು ಕೊಟ್ಟು ಹಾಕಿಸಬೇಕು. ಒಂದಕ್ಕೆ ಸುಮಾರು ಸಾವಿರದಿಂದ ಎರಡು ಸಾವಿರ ರೂಪಾಯಿ ಬೀಳುತ್ತದೆ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು, ಹೆಪ್ಪುಗಟ್ಟಲೂ ಬಾರದು. ನಮ್ಮ ಕೂಲರಿನಲ್ಲಿ ಹಾಲು 4 ಡಿಗ್ರಿಗೆ ಇಳಿಯದಿದ್ದರೆ ಟ್ಯಾಂಕರಿನವರು ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತು. ಬಿಸಿಲಲ್ಲಿ ಸ್ಕೂಟರ್ ಡಿಕ್ಕಿಯಲ್ಲಿಟ್ಟು ತಂದ ಲಸಿಕೆಯ ಕಥೆಯೂ ಅಷ್ಟೇ.

ಈ ಖರ್ಚಿನ ವಿಷಯಕ್ಕೇ ಆಡಳಿತ ಮಂಡಳಿಯಲ್ಲಿ ಎರಡು ಮಾತಾಯಿತು. ಲಾಭದಲ್ಲಿ ಧರ್ಮಕಾರ್ಯಕ್ಕೆ ಎತ್ತಿಡುವ ಹಣದಲ್ಲಿ ಅರ್ಧ ಸಂಘ ಹಾಕಲಿ, ಅರ್ಧ ಸದಸ್ಯರು ಬಟವಾಡೆಯಲ್ಲಿ ಮೂರು ಕಂತಲ್ಲಿ ಮುರಿಸಿಕೊಳ್ಳಲಿ ಅಂತ ನಾವು ಕೇಳಿದೆವು. ಆ ದುಡ್ಡಿಗೆ ಪಶು ಆಹಾರ ಕೊಟ್ಟರೆ ಎಲ್ಲರಿಗೂ ಮುಟ್ಟುತ್ತದೆ, ಇದು ನಾಲ್ಕು ಮುದುಕರಿಗೆ ಅಂತ ಒಬ್ಬ ನಿರ್ದೇಶಕರು ಅಂದರು. ಅವರ ಮಾತಲ್ಲೂ ಲೆಕ್ಕ ಇದೆ. ಆದರೆ ಆ ನಾಲ್ಕು ಮುದುಕರ ಷೇರಿನಿಂದಲೇ ಈ ಕಟ್ಟಡ ಎದ್ದಿದ್ದು. ಕೊನೆಗೆ ಒಂದು ವರ್ಷ ನೋಡೋಣ ಅಂತ ಒಪ್ಪಿದ್ದಾರೆ. ಡಾಕ್ಟರು ಬಂದು ಯಾರಿಗೆ ಹಾಕಬೇಕು, ಯಾರಿಗೆ ಬೇಡ ಅಂತ ನೋಡುತ್ತೇನೆ ಅಂದಿದ್ದಾರೆ.

ಇನ್ನೊಂದೇ ಮಾತು. ಲಸಿಕೆ ಇರಲಿ ಇಲ್ಲದಿರಲಿ, ಹಿರಿಯರಿಗೆ, ಬಸುರಿಗೆ, ಸಕ್ಕರೆ ಇರುವವರಿಗೆ ಜ್ವರದ ಜೊತೆ ಕೆಮ್ಮು ಬಂದರೆ ನಾಲ್ಕು ದಿನ ಕಾಯಬೇಡಿ. ಫ್ಲೂಗೆ ಇರುವ ಮಾತ್ರೆ ಎರಡು ದಿನದೊಳಗೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ನಾವು ಕಷಾಯದಲ್ಲಿ ಕಳೆದದ್ದು ಆ ಎರಡು ದಿನಗಳನ್ನೇ.

ನಾಳೆ ಬೆಳಗ್ಗೆ ಹಾಲು ಹಾಕುವ ಹೊತ್ತಿನಿಂದ ಹೆಸರು ಬರೆಸುವ ಪುಸ್ತಕ ಕಾರ್ಯದರ್ಶಿಗಳ ಮೇಜಿನ ಮೇಲೆ ಇರುತ್ತದೆ. ವಯಸ್ಸು, ಇರುವ ಕಾಯಿಲೆ, ತಿನ್ನುವ ಮಾತ್ರೆ ಮೂರನ್ನೂ ಬರೆಸಿ. ಮೊದಲನೇ ಸಾಲಿನಲ್ಲಿ ನಮ್ಮ ತಾಯಿಯವರ ಹೆಸರು ಬರೆಸಿದ್ದೇವೆ.