ಪದಕದ ಅಂಚು ನೋಡ್ರಿ

ಕೊಲ್ಹಾಪುರ, ಇಚಲಕರಂಜಿಯಿಂದ ಗಡಹಿಂಗ್ಲಜಕ್ಕ ಬಂದ ತಮ್ಮ-ತಂಗ್ಯಾರಿಗೆ ಒಂದು ಕೆಲಸ ಹೇಳಾಕ ನಿಂತೀನಿ.

ನಮ್ಮ ಭಾಗದಾಗ ಫೌಜಿಗೆ ಹೋಗೋದು ಹೊಸದಲ್ಲ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇಲ್ಲೇ ಬೆಳಗಾವಿಯಾಗ ಐತಿ. ಮೊದಲ ಮಹಾಯುದ್ಧದಾಗ ಅದರ ಹಿಂದಿನ ಪಲ್ಟಣಗಳು, 103, 110, 117ನೇ ಮರಾಠಾ, ಇವತ್ತಿನ ಇರಾಕಿಗೆ ಹೋದವು. ಕೂತ್ ಅನ್ನೋ ಊರಾಗ ತುರ್ಕರು ಹತ್ತಿರ ಹತ್ತಿರ ಐದು ತಿಂಗಳು ಮುತ್ತಿಗೆ ಹಾಕಿದರು. ಕಾಳು ಮುಗೀತು. ಕುದುರೆ ಕೊಯ್ದು ತಿನ್ನೋ ವ್ಯಾಳ್ಯಾ ಬಂತು. ನಮ್ಮ ಸಿಪಾಯಿಗಳಲ್ಲಿ ಬಹಳ ಮಂದಿ ಅದನ್ನ ಮುಟ್ಟಲಿಲ್ಲ. 1916ರ ಏಪ್ರಿಲ್ 29ಕ್ಕೆ ಸೈನ್ಯ ಶರಣಾತು. ಕೈದಿಗಳನ್ನ ಮರಳುಗಾಡಿನಾಗ ನಡೆಸಿಕೊಂಡು ಒಯ್ದರು. ದಾರ್ಯಾಗ ಬಿದ್ದವರಿಗೆ ಗೋರಿನೂ ಇಲ್ಲ, ಚಿತೆನೂ ಇಲ್ಲ.

ಮನ್ಯಾಗ ಕಾಯ್ಕೋತ ಕುಂತವಳ ಗತಿ ಏನು? ಸತ್ತ ಸುದ್ದಿ ಬಂದಿದ್ದರ ಅತ್ತು, ದಿನಾ ಮಾಡತಿದ್ದಳು. ‘ಕಾಣೆ’ ಅಂದ್ರ ಕುಂಕುಮ ಇಡಬೇಕೋ, ಅಳಿಸಬೇಕೋ? 1971ರ ಯುದ್ಧದ ‘ಮಿಸ್ಸಿಂಗ್ 54’ ಅಂತಾರಲ್ಲ, ಅವರ ಮನಿಗಳಾಗೂ ಇದೇ ಪ್ರಶ್ನೆ ಉಳೀತು.

ಬಸ್ರಾ ಹತ್ತಿರ ಗೋರಿ ಸಿಗದ 40,000ಕ್ಕೂ ಹೆಚ್ಚು ಮಂದಿಯ ಸ್ಮಾರಕ ಐತಿ. ಇಂಗ್ಲಿಷ್ ಸಿಪಾಯಿಯ ಹೆಸರು ಕೆತ್ತ್ಯಾರ. ನಮ್ಮ ಸಾಮಾನ್ಯ ಸಿಪಾಯಿಗೆ ಪಲ್ಟಣದ ಹೆಸರಿನ ಕೆಳಗ ಬರೇ ಸಂಖ್ಯೆ. ಸ್ಮಾರಕ ನೋಡಿಕೊಳ್ಳೋ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗ ಇಂಥಾ ಭೇದ ಮಾಡಿದ್ದಕ್ಕ 2021ರಲ್ಲಿ ಕ್ಷಮೆ ಕೇಳಿತು. ನೂರು ವರ್ಷ ಆದ ಮ್ಯಾಲ!

ಈಗ ಆಯೋಗದ ವೆಬ್‌ಸೈಟಿನಾಗ ಹೆಸರು ಹುಡುಕಬಹುದು. ಕೆಲವರ ಮುಂದ ತಂದಿ ಹೆಸರು, ಊರು, ತಾಲ್ಲೂಕೂ ಅದಾವ. ಆದರ ಎಲ್ಲಾ ಇಂಗ್ಲಿಷ್ ಸ್ಪೆಲ್ಲಿಂಗು. ಅದು ಯಾವ ಹಳ್ಳಿ ಅಂತ ಮುಂಬೈಯವಗೂ ತಿಳಿಯೂದಿಲ್ಲ, ಬೆಂಗಳೂರವಗೂ ತಿಳಿಯೂದಿಲ್ಲ. ಊರಿನ ಹೆಸರನ್ನ ಕನ್ನಡದಾಗ ಒಂದು ನಮೂನಿ, ಮರಾಠಿಯಾಗ ಒಂದು ನಮೂನಿ ಕೇಳಿ ಬೆಳೆದ ನಿಮಗ ತಿಳೀತೈತಿ. ಗಡಿಯಾಗ ಹುಟ್ಟಿದ್ದಕ್ಕ ಇಷ್ಟರ ಲಾಭ ಇರಲಿ.

ಮನಿಗೆ ಹೋಗಿ ಆಯಿ-ಮುತ್ಯಾನ್ನ ಕೇಳ್ರಿ: “ನಮ್ಮ ಮನಿತನದಾಗ ಫೌಜಿಗೆ ಹೋಗಿ ತಿರುಗಿ ಬರದವರು ಯಾರರ ಇದ್ದರೇನು?” ಹಳೇ ಟ್ರಂಕಿನಾಗ ಆ ಯುದ್ಧದ ಪದಕ ಸಿಕ್ಕರ ಅದರ ಅಂಚು ನೋಡ್ರಿ. ನಂಬರು, ಹೆಸರು, ಪಲ್ಟಣ ಅಲ್ಲಿ ಕೆತ್ತಿರತೈತಿ. ಫೋಟೋ ತಗೀರಿ. ಆ ಹೆಸರನ್ನ ಮನ್ಯಾಗ ಕರೀತಿದ್ದಂಗ ಕನ್ನಡದಾಗ ಬರದು ನಮಗ ಕಳಸ್ರಿ. ಮತ್ತ ಪದಕ ಮಾತ್ರ ಮಾರಬ್ಯಾಡ್ರಿ; ಬೆಳ್ಳೀದು ಅಂತ ಕೇಳಾವ್ರು ಬರತಾರ.