ವೃದ್ಧ ರೈತನ ತಿಂಗಳ ಹಣ ಮತ್ತು ನಮ್ಮ ಝಕಾತ್

(ಹಾರೋಹಳ್ಳಿಯಲ್ಲಿ ಇತ್ತೀಚೆಗೆ ನಡೆದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆಗೆ ಬರುವ ಮುನ್ನ ನಾವು ಇಲ್ಲಿಯ ಬಸ್ ನಿಲ್ದಾಣದ ಬಳಿ ಸ್ವಲ್ಪ ಹೊತ್ತು ನಿಂತಿದ್ದೆವು. ಒಂದು ಬದಿಯಲ್ಲಿ ಕೈಗಾರಿಕಾ ಪ್ರದೇಶದತ್ತ ಹೊರಟ ಕಾರ್ಖಾನೆ ಬಸ್ಸುಗಳಿದ್ದವು. ಇನ್ನೊಂದು ಬದಿಯಲ್ಲಿ ಬ್ಯಾಂಕಿನ ಬಾಗಿಲು ತೆರೆಯುವುದನ್ನೇ ಕಾಯುತ್ತ ಕುಳಿತ ಹತ್ತಾರು ವೃದ್ಧರಿದ್ದರು. ಅವರ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಪಾಸ್‌ಬುಕ್ಕು. 'ತಿಂಗಳ ದುಡ್ಡು ಬಂದಿದೆಯೋ ನೋಡಬೇಕು' ಎಂದರು ಒಬ್ಬರು. ನಮ್ಮ ಇಂದಿನ ಮಾತು ಆ 'ತಿಂಗಳ ದುಡ್ಡಿ'ನ ಬಗ್ಗೆಯೇ.

2007ನೇ ವರ್ಷವನ್ನು ಈ ಸೀಮೆಯವರು ಎರಡು ಕಾರಣಗಳಿಗಾಗಿ ನೆನಪಿಡಬಹುದು. ಆ ವರ್ಷದ ಆಗಸ್ಟ್‌ನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆ ಹುಟ್ಟಿಕೊಂಡಿತು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಮರುನಾಮಕರಣವಾಯಿತು. ಕನಕಪುರದ ಹೋಬಳಿಯಾಗಿದ್ದ ಹಾರೋಹಳ್ಳಿ 2019ರ ಬಜೆಟ್‌ನಲ್ಲಿ ತಾಲೂಕೆಂದು ಘೋಷಿಸಲ್ಪಟ್ಟಿತು. ನಾಮಫಲಕಗಳು ಹೀಗೆ ಬದಲಾಗುತ್ತಿರುತ್ತವೆ, ಇರಲಿ. ಅದೇ 2007ರ ಜುಲೈನಲ್ಲಿ ರಾಜ್ಯ ಸರಕಾರ ಸಂಧ್ಯಾ ಸುರಕ್ಷಾ ಯೋಜನೆಯನ್ನು ಆರಂಭಿಸಿತು. 65 ವರ್ಷ ದಾಟಿದ ಸಣ್ಣ ಮತ್ತು ಅತಿಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು, ಮೀನುಗಾರರು ಹಾಗೂ ಅಸಂಘಟಿತ ವಲಯದ ಕಾರ್ಮಿಕರಿಗೆ ತಿಂಗಳಿಗೆ 400 ರೂಪಾಯಿ ನೀಡುವ ಯೋಜನೆಯಿದು. ಅದಕ್ಕೂ ಮೊದಲು ವೃದ್ಧಾಪ್ಯ ವೇತನ ಇರಲಿಲ್ಲವೆಂದಲ್ಲ. ಕೇಂದ್ರ ಸರಕಾರ 1995ರಲ್ಲೇ 75 ರೂಪಾಯಿಯ ನೆರವನ್ನು ಆರಂಭಿಸಿತ್ತು. ಆದರೆ ಒಂದೆರಡು ಎಕರೆ ಒಣಭೂಮಿ ಇಟ್ಟುಕೊಂಡು ಬದುಕಿನ ಸಂಜೆಗೆ ಬಂದ ರೈತನನ್ನು ಹೆಸರಿಟ್ಟು ಕರೆದದ್ದು ಈ ಯೋಜನೆಯ ವಿಶೇಷ. ಸರಕಾರಿ ನೌಕರನಿಗೆ ನಿವೃತ್ತಿಯಿದೆ, ರೈತನಿಗಿಲ್ಲ. ಸೊಂಟ ಬಗ್ಗದ ದಿನವೇ ಅವನ ನಿವೃತ್ತಿಯ ದಿನ, ಅಂದು ಅವನಿಗೆ ಯಾರೂ ಹಾರ ಹಾಕುವುದಿಲ್ಲ.

ಹಾರೋಹಳ್ಳಿಯಿಂದ ಸ್ವಲ್ಪ ದೂರದ ಹಳ್ಳಿಯ ಒಬ್ಬ ಹಿರಿಯರನ್ನು ನಾವು ಹಲವು ವರ್ಷಗಳಿಂದ ಬಲ್ಲೆವು. ನಮ್ಮ ಸಮುದಾಯದವರಲ್ಲ. ವಯಸ್ಸು ಎಪ್ಪತ್ತನ್ನು ದಾಟಿದೆ, ಒಂದೂವರೆ ಎಕರೆ ಖುಷ್ಕಿ ಜಮೀನಿದೆ. ರಾಗಿ, ಸಾಲಿನಲ್ಲಿ ಅವರೆ, ಬದುವಿನ ಮೇಲೆ ಎರಡು ಹುಣಸೆ ಮರ. ಹಿಂದೆ ಹಿಪ್ಪುನೇರಳೆಯೂ ಇತ್ತು. ರೇಷ್ಮೆ ಹುಳು ಎಂದರೆ ಹೊತ್ತು ಹೊತ್ತಿಗೆ ಸೊಪ್ಪು ಕೇಳುವ ಮಗು. ಪತ್ನಿ ತೀರಿಕೊಂಡ ಮೇಲೆ ಅದನ್ನು ಸಾಕುವ ಶಕ್ತಿ ಅವರಿಗೆ ಉಳಿಯಲಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಿಂದ ಆಗಾಗ ಕೈಸೇರುತ್ತಿದ್ದ ಹಣ ಅಲ್ಲಿಗೆ ನಿಂತಿತು, ಉಳಿದದ್ದು ರಾಗಿ. ಮುಂಗಾರಿನಲ್ಲಿ ಬಿತ್ತಿದ ರಾಗಿ ಕಣಕ್ಕೆ ಬರುವುದು ನವೆಂಬರ್, ಡಿಸೆಂಬರ್ ಹೊತ್ತಿಗೆ. ಅಂದರೆ ವರ್ಷಕ್ಕೆ ಒಂದೇ ಸಂಬಳ, ಅದೂ ಮಳೆ ಒಪ್ಪಿದರೆ.

ಪಿಂಚಣಿ ಮಂಜೂರಾಗುವ ಮೊದಲಿನ ಅವರ ಬದುಕನ್ನು ಸ್ವಲ್ಪ ಗಮನಿಸಿ. ಉಪ್ಪು, ಎಣ್ಣೆ, ಬೀಡಿ, ರಕ್ತದೊತ್ತಡದ ಮಾತ್ರೆ ಎಲ್ಲವೂ ಅಂಗಡಿಯ ಸಾಲದಿಂದ. ರಾಗಿ ಕಣಕ್ಕೆ ಬಂದ ವಾರದಲ್ಲೇ ಅದನ್ನು ಮಾರಿ ಸಾಲ ತೀರಿಸಬೇಕು. ಎಲ್ಲರೂ ಮಾರುವ ಆ ವಾರದಲ್ಲಿ ಬೆಲೆ ಅತ್ಯಂತ ಕೆಳಗಿರುತ್ತದೆ. ಏಪ್ರಿಲ್ ಬಂತೆಂದರೆ ತಾನು ಮಾರಿದ ರಾಗಿಯನ್ನೇ ಹೆಚ್ಚಿನ ಬೆಲೆಗೆ ಕೊಂಡು ಉಣ್ಣಬೇಕು. ಇದು ಸೋಮಾರಿಯ ಬಡತನವಲ್ಲ, ಬರಬೇಕಾದ ಹಣದ ಕಾಲ ತಪ್ಪಿದ್ದರಿಂದ ಹುಟ್ಟಿದ ಬಡತನ.

ಆಮೇಲೆ ಪಿಂಚಣಿ ಬಂತು. ಮೊದಲಿಗೆ ಕೆಲವು ನೂರು ರೂಪಾಯಿ. 2018ರಲ್ಲಿ 600ರಿಂದ 1,000ಕ್ಕೆ, 2021ರಲ್ಲಿ 1,200ಕ್ಕೆ ಏರಿತು. ಈ ಹಣದಿಂದ ಅವರು ಶ್ರೀಮಂತರಾಗಲಿಲ್ಲ. ಆದರೆ ಅಂಗಡಿಯವನ ನಡವಳಿಕೆ ಬದಲಾಯಿತು. ತಿಂಗಳಿಗೊಮ್ಮೆ ಲೆಕ್ಕ ಚುಕ್ತಾ ಆಗುತ್ತದೆಂದು ತಿಳಿದ ಮೇಲೆ ಅವನು ಸಾಲದ ಮೇಲೆ ದರ ಏರಿಸುವುದನ್ನು ಬಿಟ್ಟ. ಕಣದ ರಾಗಿಯನ್ನು ಯುಗಾದಿಯವರೆಗೆ ಚೀಲದಲ್ಲಿ ಕಟ್ಟಿಡುವುದು ಸಾಧ್ಯವಾಯಿತು. ಮಾತ್ರೆಯನ್ನು ಒಂದು ದಿನ ಬಿಟ್ಟು ಒಂದು ದಿನ ನುಂಗುವ ಉಳಿತಾಯ ನಿಂತಿತು. ಊರಿನವರು ಸೇರಿ ಹಾಕುವ ಚೀಟಿಯಲ್ಲಿ ಅವರಿಗೂ ಒಂದು ಸ್ಥಾನ ಸಿಕ್ಕಿತು. ಅದುವರೆಗೆ 'ಮುದುಕ ಕಂತು ಎಲ್ಲಿಂದ ಕಟ್ಟುತ್ತಾನೆ' ಎಂದು ಯಾರೂ ಸೇರಿಸಿಕೊಂಡಿರಲಿಲ್ಲ. ಚೀಟಿಯ ಸರದಿ ಬಂದಾಗ ಒಂದು ಹೆಣ್ಣು ಕುರಿಮರಿ ತಂದರು. ಮರುವರ್ಷ ಅದು ಎರಡಾಯಿತು, ಮುಂದೆ ನಾಲ್ಕಾಯಿತು. ಮನೆಯಲ್ಲಿ ಸೊಸೆ ಅವರನ್ನು ಕೇಳಿ ಸಾಮಾನು ತರಿಸುವಂತಾಯಿತು ಎಂದು ಹೇಳುವಾಗ ಅವರು ಮುಖ ತಿರುಗಿಸಿ ನಕ್ಕದ್ದನ್ನು ನಾವು ನೋಡಿದ್ದೇವೆ.

ಇದೇ ಹಾರೋಹಳ್ಳಿಯ ಸುತ್ತ ಇನ್ನೊಂದು ರೀತಿಯ ಹಣವೂ ಬಂದಿದೆ. ಕೈಗಾರಿಕೆಗಾಗಿ ಜಮೀನು ಸ್ವಾಧೀನವಾದಾಗ ಲಕ್ಷಗಳ ಲೆಕ್ಕದಲ್ಲಿ ಒಮ್ಮೆಲೇ ಬಂದ ಪರಿಹಾರದ ಹಣ. ಅದನ್ನು ಜಾಣತನದಿಂದ ಬಳಸಿ ಮನೆ ಕಟ್ಟಿದವರಿದ್ದಾರೆ, ಬೇರೆ ಕಡೆ ತೋಟ ಕೊಂಡವರಿದ್ದಾರೆ. ಮದುವೆ, ಮೋಟಾರು, ಪಾಲುಗಾರರ ವ್ಯಾಜ್ಯಗಳಲ್ಲಿ ಅದು ಕರಗಿಹೋದ ಮನೆಗಳೂ ಇವೆ. ಅಂತಹ ಮನೆಯ ವೃದ್ಧನಿಗೆ ಇಂದು ಜಮೀನೂ ಇಲ್ಲ, ಹಣವೂ ಇಲ್ಲ. ಒಟ್ಟಾಗಿ ಬಂದ ಹಣವನ್ನು ಮಕ್ಕಳು ಹಂಚಿಕೊಳ್ಳುತ್ತಾರೆ. ತಿಂಗಳಿಗೆ 1,200 ರೂಪಾಯಿಯನ್ನು ಹಂಚಿಕೊಳ್ಳಲು ಯಾರೂ ಜಗಳಕ್ಕೆ ಬರುವುದಿಲ್ಲ!

'ಬಿಟ್ಟಿ ಹಣ ಜನರನ್ನು ಸೋಮಾರಿಗಳನ್ನಾಗಿಸುತ್ತದೆ' ಎಂಬ ವಾದ ಪಟ್ಟಣದ ಚಹಾದಂಗಡಿಗಳಲ್ಲೂ ಟಿವಿ ಚರ್ಚೆಗಳಲ್ಲೂ ಕೇಳಿ ಬರುತ್ತದೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಆರಂಭವಾದ ಮೇಲಂತೂ ಅದಕ್ಕೆ ಬಿಡುವೇ ಇಲ್ಲ. 2011-12ರ ಸುಮಾರಿಗೆ ಸೇವಾ ಸಂಘಟನೆ ಯುನಿಸೆಫ್ ನೆರವಿನಿಂದ ಮಧ್ಯಪ್ರದೇಶದ ಎಂಟು ಗ್ರಾಮಗಳಲ್ಲಿ ಒಂದು ಪ್ರಯೋಗ ನಡೆಸಿತು. ಯಾವ ಷರತ್ತೂ ಇಲ್ಲದೆ ಪ್ರತಿ ವಯಸ್ಕರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳ ಹೆಸರಿನಲ್ಲಿ 100 ರೂಪಾಯಿ, ನಂತರ ಅದನ್ನು 300 ಮತ್ತು 150ಕ್ಕೆ ಏರಿಸಲಾಯಿತು. ಜನರು ಬೀಜ ಗೊಬ್ಬರ ಕೊಂಡರು, ಆಡು ಕೋಳಿ ಸಾಕಿದರು, ಕೂಲಿಯನ್ನು ಕಡಿಮೆ ಮಾಡಿ ಸ್ವಂತ ಹೊಲದಲ್ಲಿ ಹೆಚ್ಚು ದುಡಿದರು. ಕುಡಿತ ಹೆಚ್ಚಿದ್ದು ಕಂಡುಬರಲಿಲ್ಲ. ಆಫ್ರಿಕಾದ ಕೀನ್ಯಾದಲ್ಲಿ ಗಿವ್‌ಡೈರೆಕ್ಟ್ಲಿ ಎಂಬ ಸಂಸ್ಥೆ ಕೆಲವು ಹಳ್ಳಿಗಳಿಗೆ ಎರಡು ವರ್ಷ, ಕೆಲವಕ್ಕೆ 12 ವರ್ಷ ಮಾಸಿಕ ಹಣ ಕೊಡುವುದಾಗಿ ಮಾತು ಕೊಟ್ಟು, ಇನ್ನು ಕೆಲವಕ್ಕೆ ಒಮ್ಮೆಲೇ ದೊಡ್ಡ ಮೊತ್ತ ನೀಡಿತು. 2023ರಲ್ಲಿ ಹೊರಬಂದ ಅದರ ಅಧ್ಯಯನ ನಮ್ಮ ವಾದವನ್ನು ಪೂರ್ತಿ ಒಪ್ಪುವುದಿಲ್ಲ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ವ್ಯಾಪಾರ ಆರಂಭಿಸುವ ವಿಷಯದಲ್ಲಿ ಎರಡು ವರ್ಷದ ಮಾಸಿಕ ಹಣಕ್ಕಿಂತ ಒಮ್ಮೆಲೇ ಕೊಟ್ಟ ಹಣವೇ ಹೆಚ್ಚು ಫಲ ನೀಡಿತು. ಆದರೆ 12 ವರ್ಷದ ಭರವಸೆ ಸಿಕ್ಕವರು ಅದೇ ಮಾಸಿಕ ಹಣದಿಂದ ಚೀಟಿ ಕಟ್ಟಿ, ದೊಡ್ಡ ಮೊತ್ತವನ್ನು ತಾವೇ ಸೃಷ್ಟಿಸಿಕೊಂಡರು. ನಮ್ಮ ಹಿರಿಯರು ಕುರಿಮರಿ ತಂದ ದಾರಿಯೂ ಇದೇ. ನಾಳೆಯೂ ಬರುತ್ತದೆ ಎಂಬ ಭರವಸೆ ಇದ್ದಾಗ ಮಾತ್ರ ಸಣ್ಣ ಹಣ ಆಸರೆಯಾಗುತ್ತದೆ.

ಆ ಭರವಸೆ ಮುರಿದರೆ ಏನಾಗುತ್ತದೆಂಬುದನ್ನೂ ನಾವು ಕಂಡಿದ್ದೇವೆ. ಒಮ್ಮೆ ಅವರ ಪಿಂಚಣಿ ಐದು ತಿಂಗಳು ನಿಂತುಹೋಯಿತು. ಮಣ್ಣಿನಲ್ಲಿ ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪಲಿಲ್ಲವಂತೆ. ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದಾಟ, ಬಸ್ಸಿನ ಖರ್ಚು. ಮೂರನೆಯ ತಿಂಗಳಿಗೆ ಅಂಗಡಿಯ ಲೆಕ್ಕ ಮುಚ್ಚಿತು, ನಾಲ್ಕನೆಯ ತಿಂಗಳಿಗೆ ಎರಡು ಕುರಿಗಳು ಹೋದವು. ನಂತರ ಬಾಕಿಯೆಲ್ಲ ಒಟ್ಟಿಗೆ ಜಮೆಯಾಯಿತು. ಕಡತದ ಪ್ರಕಾರ ಯಾರಿಗೂ ಯಾವ ನಷ್ಟವೂ ಆಗಿಲ್ಲ. ಹೋದ ಕುರಿಗಳು ಮಾತ್ರ ಮರಳಿ ಬರಲಿಲ್ಲ. ತಡವಾಗಿ ಕೊಟ್ಟದ್ದು ಪೂರ್ತಿ ಕೊಟ್ಟಂತೆ ಎಂದು ಭಾವಿಸುವವರು ತಿಂಗಳ ಹಣದ ಅರ್ಥವನ್ನೇ ತಿಳಿದಿಲ್ಲ.

ಮೊತ್ತದ ವಿಷಯದಲ್ಲೂ ಸರಕಾರಗಳನ್ನು ಪ್ರಶ್ನಿಸಬೇಕಾಗಿದೆ. ಒಂದು ಸರಳ ಲೆಕ್ಕ ನೋಡಿ. 2007-08ರಲ್ಲಿ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 600 ರೂಪಾಯಿ. ಅಂದಿನ 400 ರೂಪಾಯಿಗೆ ಆ ದರದಲ್ಲಿ 66 ಕಿಲೋ ರಾಗಿ. 2025-26ರ ಬೆಂಬಲ ಬೆಲೆ 4,886 ರೂಪಾಯಿ. 1,200 ರೂಪಾಯಿಗೆ ಸಿಗುವುದು 24 ಕಿಲೋ ಚಿಲ್ಲರೆ. ಅಂಕಿ ಮೂರು ಪಟ್ಟಾಯಿತು, ರಾಗಿ ಮೂರರಲ್ಲಿ ಒಂದಕ್ಕೆ ಹತ್ತಿರವಾಯಿತು. ಕೇಂದ್ರದ ವೃದ್ಧಾಪ್ಯ ವೇತನದಲ್ಲಂತೂ 80 ವರ್ಷದೊಳಗಿನವರ ಪಾಲಿಗೆ 2006ರಲ್ಲಿ ನಿಗದಿಯಾದ 200 ರೂಪಾಯಿ ಇಂದಿಗೂ ಕದಲಿಲ್ಲ. 2019ರಲ್ಲಿ ಬಂದ ಪಿಎಂ ಕಿಸಾನ್ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತುಗಳಲ್ಲಿ ಕೊಡುತ್ತದೆ, ಆದರೆ ಪಹಣಿ ತನ್ನ ಹೆಸರಿನಲ್ಲಿಲ್ಲದ ಗೇಣಿದಾರನಿಗೂ ಕೂಲಿಗೂ ಅದರ ಬಾಗಿಲು ಮುಚ್ಚಿದೆ. ಇನ್ನು ಸಂಧ್ಯಾ ಸುರಕ್ಷಾದ ನಿಯಮಗಳಲ್ಲಿ ದಂಪತಿಯ ಬ್ಯಾಂಕ್ ಠೇವಣಿ 10,000 ರೂಪಾಯಿ ಮೀರಬಾರದೆಂಬ ಷರತ್ತನ್ನೂ ಇಡಲಾಗಿತ್ತು. ಭದ್ರತೆ ಕೊಡುವ ಯೋಜನೆ ಉಳಿತಾಯ ಮಾಡಿದವನನ್ನು ಅನುಮಾನದಿಂದ ನೋಡುವುದು ವಿಚಿತ್ರ.

ಸರಕಾರವನ್ನು ಇಷ್ಟು ಕೇಳಿದ ನಾವು ನಮ್ಮನ್ನೂ ಕೇಳಿಕೊಳ್ಳಬೇಕಲ್ಲವೇ? ಹಝ್ರತ್ ಉಮರ್(ರ)ರ ಒಂದು ಘಟನೆಯನ್ನು ಖಾಝಿ ಅಬೂ ಯೂಸುಫ್ ತಮ್ಮ ಕಿತಾಬುಲ್ ಖರಾಜ್‌ನಲ್ಲಿ ದಾಖಲಿಸಿದ್ದಾರೆ. ಮನೆ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಕುರುಡ ವೃದ್ಧನೊಬ್ಬನನ್ನು ಖಲೀಫರು ವಿಚಾರಿಸಿದರು. ಅವನು ಯಹೂದಿ. ತೆರಿಗೆ, ಕೊರತೆ, ಮುಪ್ಪು ಈ ಮೂರೂ ತನ್ನನ್ನು ಬೀದಿಗೆ ತಂದವು ಎಂದ. ಉಮರ್(ರ) ಅವನ ಕೈಹಿಡಿದು ತಮ್ಮ ಮನೆಗೆ ಕರೆದೊಯ್ದು ಇದ್ದದ್ದನ್ನು ಕೊಟ್ಟರು. ಅಷ್ಟಕ್ಕೇ ಸುಮ್ಮನಿದ್ದರೆ ಅದು ಒಬ್ಬ ಉದಾರಿಯ ಕಥೆಯಾಗಿ ಉಳಿಯುತ್ತಿತ್ತು. ಅವರು ಬೈತುಲ್ ಮಾಲ್‌ನ ಅಧಿಕಾರಿಯನ್ನು ಕರೆಸಿ, ಇವನನ್ನೂ ಇವನಂಥವರನ್ನೂ ನೋಡಿಕೊಳ್ಳಬೇಕೆಂದೂ, ಯೌವನದಲ್ಲಿ ಅವನಿಂದ ಪಡೆದು ಮುಪ್ಪಿನಲ್ಲಿ ಕೈಬಿಡುವುದು ನ್ಯಾಯವಲ್ಲವೆಂದೂ ಆಜ್ಞಾಪಿಸಿ, ಅವನ ಮೇಲಿನ ತೆರಿಗೆಯನ್ನು ತೆಗೆದುಹಾಕಿದರು.

ನಮ್ಮ ಮೊಹಲ್ಲಾಗಳಲ್ಲಿ ನಡೆಯುವುದೇನು? ರಮಝಾನಿನ ಕೊನೆಯ ಹತ್ತು ದಿನಗಳಲ್ಲಿ ವೃದ್ಧೆಯೊಬ್ಬಳಿಗೆ ಹನ್ನೊಂದು ಮನೆಗಳಿಂದ ಹನ್ನೊಂದು ಪೊಟ್ಟಣ, ಮೂರು ಸೀರೆ, ಮುಷ್ಟಿ ತುಂಬ ನೋಟು. ಬಕ್ರೀದ್ ಕಳೆದು ರಬೀಉಲ್ ಅವ್ವಲ್ ಬರುವಷ್ಟರಲ್ಲಿ ಆಕೆ ಬಡ್ಡಿಯವನ ಮನೆಯ ಮುಂದೆ. ಬಡ್ಡಿಯ ವಿರುದ್ಧ ಜುಮಾದಲ್ಲಿ ಪ್ರವಚನ ಕೇಳಿ ತಲೆದೂಗುವ ನಾವೇ ಆಕೆಯನ್ನು ಅಲ್ಲಿಗೆ ಕಳುಹಿಸಿದವರು. ರಾಮನಗರ, ಚನ್ನಪಟ್ಟಣಗಳಲ್ಲಿ ಆವಿಯಲ್ಲಿ ನೂಲು ತೆಗೆದು ತೆಗೆದು ಎದೆ ಕೆಡಿಸಿಕೊಂಡ ಹಿರಿಯ ಕಾರ್ಮಿಕರ ಕಥೆಯೂ ಭಿನ್ನವಲ್ಲ. ಅಸಂಘಟಿತ ಕಾರ್ಮಿಕರೆಂದು ಅವರಿಗೂ ಸಂಧ್ಯಾ ಸುರಕ್ಷಾ ಸಲ್ಲಬೇಕು. ಅರ್ಜಿ ಹಾಕಿದವರೆಷ್ಟು ಮಂದಿ ಎಂದು ಪ್ರತಿ ಜಮಾಅತ್ ಒಮ್ಮೆ ಲೆಕ್ಕ ಹಾಕಲಿ.

'ಝಕಾತ್ ರಮಝಾನಿನಲ್ಲಿ ತಾನೇ ಕೊಡುವುದು' ಎನ್ನುವವರಿಗೆ ಒಂದು ಮಾತು. ಝಕಾತ್‌ನ ವರ್ಷ ಪ್ರತಿಯೊಬ್ಬನ ಸಂಪತ್ತಿನ ಲೆಕ್ಕಕ್ಕೆ ಸೇರಿದ್ದು, ರಮಝಾನಿಗೆ ಕಟ್ಟಿದ್ದಲ್ಲ. ಸಲ್ಲಬೇಕಾದ ಝಕಾತನ್ನು ತಡಮಾಡಬಾರದು. ಆದರೆ ವರ್ಷ ತುಂಬುವ ಮೊದಲೇ ಮುಂಗಡವಾಗಿ ಕೊಡುವುದಕ್ಕೆ ಹನಫೀ, ಶಾಫಿಈ ವಿದ್ವಾಂಸರ ಅನುಮತಿಯಿದೆ. ಪ್ರವಾದಿ(ಸ) ತಮ್ಮ ಚಿಕ್ಕಪ್ಪ ಅಬ್ಬಾಸ್(ರ)ರಿಂದ ಮುಂಗಡವಾಗಿ ಸ್ವೀಕರಿಸಿದ ವರದಿ ಹದೀಸ್ ಗ್ರಂಥಗಳಲ್ಲಿದೆ. ಹಾಗಾದರೆ ಬರುವ ವರ್ಷದ ಝಕಾತನ್ನು ಅಂದಾಜು ಮಾಡಿ, ಹನ್ನೆರಡು ಭಾಗ ಮಾಡಿ, ಮೊಹಲ್ಲಾದ ಬೈತುಲ್ ಮಾಲ್ ಮೂಲಕ ಪ್ರತಿ ತಿಂಗಳ ಐದನೆಯ ತಾರೀಖು ಒಬ್ಬ ವೃದ್ಧರ ಖಾತೆಗೆ ಜಮೆ ಮಾಡಲು ಏನು ಅಡ್ಡಿ? ಹತ್ತು ಮನೆಗಳು ಸೇರಿದರೆ ಒಬ್ಬರಿಗೆ ಎರಡು ಸಾವಿರ ಕಷ್ಟವಲ್ಲ. ನೂರು ಮಂದಿಗೆ ಒಂದು ದಿನ ಕೊಡುವುದನ್ನು ಬಿಟ್ಟು ಹತ್ತು ಮಂದಿಗೆ ಐದು ವರ್ಷ ಕೊಡುವ ಧೈರ್ಯ ಮಾಡಬೇಕು. ಫೋಟೋ ಸಣ್ಣದಾಗುತ್ತದೆ, ನಿಜ. ಪಕ್ಕದ ಹಳ್ಳಿಯ, ಬೇರೆ ಧರ್ಮದ ವೃದ್ಧನಿಗೆ ಕೊಡಲು ಸದಕಾದ ಬಾಗಿಲು ತೆರೆದೇ ಇದೆ. ನಾವು ಉಣ್ಣುವ ರಾಗಿ ಅವನ ಹೊಲದ್ದು.

ಸಭೆ ಮುಗಿದ ಮೇಲೆ ಇಬ್ಬರು ಯುವಕರು ಹೊರಗಿನ ಮೇಜಿನ ಬಳಿ ಕುಳಿತಿರುತ್ತಾರೆ. 65 ದಾಟಿದವರು ಮನೆಯಲ್ಲಿದ್ದರೆ, ಪಿಂಚಣಿ ಬರದಿದ್ದರೆ ಅಥವಾ ನಿಂತುಹೋಗಿದ್ದರೆ ಅವರ ಹೆಸರು ಬರೆಯಿಸಿ. ಆಧಾರ್, ಪಡಿತರ ಚೀಟಿ, ಆದಾಯ ಪ್ರಮಾಣಪತ್ರ ಮತ್ತು ಪಾಸ್‌ಬುಕ್ಕಿನ ನಕಲು ಬೇಕಾಗುತ್ತದೆ. ನಡೆಯಲಾಗದವರ ಮನೆಗೆ ಅವರೇ ಬರುತ್ತಾರೆ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಇಂದೇ ನೋಡಿಕೊಳ್ಳಿ, ಹೆಚ್ಚಿನ ಅರ್ಜಿಗಳು ಎಡವುವುದು ಅಲ್ಲೇ.